ಸಿಂಹಗಡದ ಮೇಲೆ ಒಡೆದ ಕುಡಿಕೆ

ಪುಣೆಯಲ್ಲಿ ನಾಲ್ಕು ದಿನ ಇದ್ದೆ. ಅದರಲ್ಲಿ ಮೂರು ದಿನದ ಬಗ್ಗೆ ಹೇಳೋಕೆ ಏನೂ ಇಲ್ಲ. ಮಳೆ, ಕಾಕುವಿನ ಕೈಯಡುಗೆ, ಮಧ್ಯಾಹ್ನದ ನಿದ್ದೆ, ಪೇಟೆಯಲ್ಲಿ ಕೊಂಡ ಒಂದು ಜೊತೆ ಬೂಟು. ಬೂಟಿನ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದರ ಸಿಟ್ಟು ಇನ್ನೂ ಇಳಿದಿಲ್ಲ.

ನಾಲ್ಕನೇ ದಿನ ಭಾನುವಾರ. ಕಾಕಾ "ಸಿಂಹಗಡ ನೋಡದ ಹೋಗ್ತಿ ಏನು?" ಅಂದರು. ಹೊರಟೆವು. ಮಳೆಗಾಲದ ಭಾನುವಾರ ಅಲ್ಲಿಗೆ ಹೋಗಲೇಬೇಡಿ. ಗಡ ಊರಿಂದ ಬರೀ 30 ಕಿಲೋಮೀಟರ್, ಆದರೆ ಘಾಟಿನ ಬುಡದಲ್ಲೇ ಒಂದೂವರೆ ಗಂಟೆ ನಿಂತೆವು. ಹೋಗಲೇಬೇಕು ಅಂದರೆ ವಾರದ ನಡುವೆ, ಬೆಳಗ್ಗೆ ಆರಕ್ಕೆ ಮನೆ ಬಿಡಿ. ನಾವು ಕಾದು ಬೇಸತ್ತು ಶೇರ್ ಜೀಪಿನ ಆಸೆ ಬಿಟ್ಟು ಕಾಲುದಾರಿ ಹಿಡಿದೆವು. ಅರ್ಧ ದಾರಿಯಲ್ಲಿ ನನ್ನ ಎಡಗಾಲಿನ ಹೊಸ ಬೂಟು ಬಾಯಿ ಬಿಟ್ಟಿತು. ಅಟ್ಟೆ ಮುಂದಿನಿಂದ ಕಿತ್ತು, ಹೆಜ್ಜೆಗೊಮ್ಮೆ ಚಪ್ ಚಪ್ ಅನ್ನತೊಡಗಿತು. ಅಂಗಡಿಯವ "ಟ್ರೆಕ್ಕಿಂಗಿಗೆ ಇದೇ ಬೆಸ್ಟ್, ಸಾಹೇಬ್ರೇ" ಅಂತ ಆಣೆ ಮಾಡಿ ಹೇಳಿದ್ದ!

ಕಾಕಾ ಮುಂಬೈಯಲ್ಲಿ ಎಣ್ಣೆ ಬಾವಿಗಳ ಕೆಲಸದಲ್ಲಿ ಮೂವತ್ತು ವರ್ಷ ಕಳೆದವರು. ಕಲ್ಲು ಕಂಡಲ್ಲಿ ನಿಲ್ಲುತ್ತಾರೆ. ಗಡದ ಬಾಗಿಲು ಇನ್ನೂ ಸ್ವಲ್ಪ ಮೇಲಿದೆ ಅನ್ನುವಾಗ ಒಂದು ಬಂಡೆಯ ಎದುರು ನಿಂತೇಬಿಟ್ಟರು. ಕಪ್ಪು ಬಂಡೆ, ಸುಮಾರು ಎರಡಾಳು ಎತ್ತರ. ಅದರಲ್ಲಿ ಅಕ್ಕಪಕ್ಕ ಎರಡು ಬಿರುಕು. ಒಂದರಲ್ಲಿ ನನ್ನ ಕಿರುಬೆರಳು ಹೋಗುತ್ತಿತ್ತು, ಅದು ಒಣ ಒಣ. ಇನ್ನೊಂದು ಕೂದಲೆಳೆಯ ಹಾಗೆ. ಅದರಿಂದ ನೀರು ಸಣ್ಣಗೆ, ಬಿಡದೆ ಇಳಿಯುತ್ತಿತ್ತು. ಮಳೆ ನಿಂತು ಒಂದು ಗಂಟೆ ಆಗಿತ್ತು.

"ದೊಡ್ಡದರಾಗ ಯಾಕ ಬರವಲ್ದು, ಹೇಳು ನೋಡೋಣ?"

ನನಗೆ ಹೊಳೆಯಲಿಲ್ಲ. ಕಾಕಾ ದೊಡ್ಡ ಬಿರುಕಿನೊಳಗೆ ಕೀಲಿಕೈ ಹಾಕಿ ಕೆರೆದರು. ಹೊರಗೆ ಅಗಲ, ನಾಲ್ಕು ಬೆರಳು ಒಳಗೆ ಹೋದರೆ ಬೆಳ್ಳನೆಯ ಗಟ್ಟಿ ಪದಾರ್ಥ ಬಿಗಿಯಾಗಿ ತುಂಬಿತ್ತು. ಜಿಯೋಲೈಟ್ ಅನ್ನೋ ಖನಿಜ ಅಂದರು. ಈ ಬಂಡೆಯೆಲ್ಲ ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ, ಒಂದರ ಮೇಲೊಂದು ಹಾಸು. ಆರುವಾಗ ಕುಗ್ಗಿ ಬಿರುಕು ಬಿಟ್ಟಿದೆ. ಬಿರುಕಿನಲ್ಲಿ ಹರಿದ ನೀರು ತಾನೇ ಖನಿಜ ಇಳಿಸಿ ಕೆಲವು ದಾರಿಗಳನ್ನು ಮುಚ್ಚಿದೆ. ಗಡದ ಮೇಲೆ ಕೊರೆದ ನೀರಿನ ಟಾಕಿಗಳಲ್ಲಿ ನೀರು ನಿಲ್ಲೋದಕ್ಕೂ, ಇಲ್ಲಿ ಜಿನುಗೋದಕ್ಕೂ ಇದೇ ಕಾರಣವಂತೆ. ಬಂಡೆ ತಾನಾಗಿ ನೀರು ಬಿಡುವುದಿಲ್ಲ, ಬಿಡೋದೇನಿದ್ದರೂ ಬಿರುಕು.

ಮೇಲೆ ಹೋಗಿ ಊಟಕ್ಕೆ ಕೂತೆವು. ಅಲ್ಲಿ ಮ್ಯಾಗಿ ತಿನ್ನುವವರನ್ನು ಕಂಡರೆ ನನಗೆ ಪಾಪ ಅನಿಸುತ್ತದೆ. ಪಕ್ಕದಲ್ಲೇ ಕಟ್ಟಿಗೆ ಒಲೆಯ ಮೇಲೆ ಬಿಸಿ ಭಾಕರಿ, ಪಿಠ್ಲ, ಠೇಚಾ ಇರುವಾಗ! ಭಾಕರಿ ನಮ್ಮ ಜೋಳದ ರೊಟ್ಟಿಗಿಂತ ದಪ್ಪ, ಅಷ್ಟು ಮೆತ್ತಗೂ ಅಲ್ಲ. ಪಿಠ್ಲ ಮಾತ್ರ ನಮ್ಮ ಜುಣಕವನ್ನು ಸೋಲಿಸಿತು, ಧಾರವಾಡದಲ್ಲಿ ಯಾರಿಗೂ ಹೇಳಬೇಡಿ. ಕೊನೆಗೆ ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು.

ಮೊಸರು ಮುಗಿದ ಕೂಡಲೇ ಕಾಕಾ ತಮ್ಮ ಕುಡಿಕೆಯನ್ನು ಕಲ್ಲಿನ ಅಂಚಿಗೆ ಬಡಿದರು. ಸರಿಯಾಗಿ ಎರಡು ಹೋಳು. ಹೋಳುಗಳನ್ನು ಮತ್ತೆ ಜೋಡಿಸಿ ಮೆತ್ತಗೆ ಹಿಡಿದು "ನೀರು ಹಾಕು" ಅಂದರು. ಸೀಳಿನಿಂದ ತಟಪಟ ಸೋರಿತು. ಎರಡೂ ಅಂಗೈಯಿಂದ ಗಟ್ಟಿಯಾಗಿ ಒತ್ತಿದರು. ಸೋರುವುದು ನಿಂತೇಹೋಯಿತು ಅನ್ನಬೇಕು, ಎಷ್ಟೋ ಹೊತ್ತಿಗೆ ಒಂದು ಹನಿ.

"ಸೀಳು ಅರ್ಧ ಆದ್ರ ನೀರು ಅರ್ಧ ಆಗಂಗಿಲ್ಲ. ಎಂಟನೇ ಒಂದು ಪಾಲಿಗೆ ಇಳೀತದ. ಎಣ್ಣಿ ಬಾವಿ ಕತಿನೂ ಇಷ್ಟ."

ಅಲ್ಲಿಂದ ಮಾತು ಒಂದು ತಾಸು ಎಣ್ಣೆ ಬಾವಿ ಬಿಟ್ಟು ಅಲುಗಲಿಲ್ಲ. ಒಂದು ಕಿಲೋಮೀಟರ್ ಆಳದಲ್ಲಿ ಒಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು 250 ಕಿಲೋ ಕಲ್ಲಿನ ಭಾರ ಕೂತಿರುತ್ತದೆ. ಅದು ಬಿರುಕನ್ನು ಮುಚ್ಚಲು ನೋಡುತ್ತದೆ. ಒಳಗಿರುವ ಎಣ್ಣೆಯ ಒತ್ತಡ ಅದನ್ನು ತೆರೆದಿಡಲು ನೋಡುತ್ತದೆ. ನಾವು ಎಣ್ಣೆ ತೆಗೆಯುತ್ತಾ ಹೋದ ಹಾಗೆ ಒಳಗಿನ ಒತ್ತಡ ಇಳಿಯುತ್ತದೆ, ಬಿರುಕಿನ ಗೋಡೆಗಳು ಹತ್ತಿರ ಬರುತ್ತವೆ, ಬಾವಿ ಸೊರಗುತ್ತದೆ. ಆಮೇಲೆ ಒತ್ತಡ ವಾಪಸ್ ಏರಿಸಿದರೂ ಬಿರುಕು ಮೊದಲಿನಷ್ಟು ತೆರೆದುಕೊಳ್ಳುವುದಿಲ್ಲ. ಮರಳುಗಲ್ಲಿನ ಕಣಗಳ ನಡುವಿನ ಸಂದುಗಳು ಅದೇ ಒತ್ತಡವನ್ನು ಇದಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತವಂತೆ.

"ಹಂಗಾದ್ರ ನೀರು ಪಂಪ್ ಮಾಡಿ ಒತ್ತಡ ಕಾಯಬೇಕಲ್ಲ, ಕಾಕಾ?"

"ಮಾಡ್ತಾರ. ಆದ್ರ ಬಿರುಕಿನ ಕಲ್ಲಾಗ ನೀರು ಕಳ್ಳದಾರಿ ಹಿಡೀತದ. ಎಣ್ಣಿ ತಳ್ಳೋದು ಬಿಟ್ಟು ಸೀದಾ ಆಚೆ ಬಾವಿಗೆ ಓಡ್ತದ."

ಪ್ರಯೋಗಾಲಯವೂ ಮೋಸ ಮಾಡುತ್ತದಂತೆ. ಆಳದಿಂದ ತಂದ ಕಲ್ಲಿನ ತುಂಡು ಮೇಲೆ ಬಂದ ಕೂಡಲೇ ಭಾರ ಕಳೆದುಕೊಂಡು ಸಡಿಲವಾಗುತ್ತದೆ, ಹೊಸ ಸಣ್ಣ ಬಿರುಕುಗಳೂ ಹುಟ್ಟುತ್ತವೆ. ಹಾಗೇ ಅಳೆದರೆ ಪರ್ಮಿಯಬಿಲಿಟಿ, ಅಂದರೆ ಕಲ್ಲು ತನ್ನೊಳಗಿಂದ ಎಷ್ಟು ಸಲೀಸಾಗಿ ಹರಿಯಬಿಡುತ್ತದೆ ಅನ್ನೋದು, ಸುಳ್ಳು ಸುಳ್ಳೇ ಜಾಸ್ತಿ ಬರುತ್ತದೆ. ಅದಕ್ಕೇ ತುಂಡಿಗೆ ರಬ್ಬರ್ ಕವಚ ಹಾಕಿ, ಸುತ್ತಲಿಂದ ಒತ್ತಿ ಅಳೆಯುತ್ತಾರೆ. ಆ ಅಳತೆಗೆ ಹೆಸರು ಡಾರ್ಸಿ. 1856ರಲ್ಲಿ ಮರಳಿನಲ್ಲಿ ನೀರು ಹರಿಯುವ ಲೆಕ್ಕ ಹಾಕಿಕೊಟ್ಟ ಫ್ರಾನ್ಸಿನ ಎಂಜಿನಿಯರ್ ಅವನು. ಡಿಜೋನ್ ಊರಿನ ಕುಡಿಯುವ ನೀರಿನ ಕೆಲಸ ಮಾಡಿದವನು.

1974ರಲ್ಲಿ ಸಾಗರ್ ಸಮ್ರಾಟ್ ಅನ್ನೋ ಸಮುದ್ರದ ರಿಗ್ ಕೊರೆದು ಎಣ್ಣೆ ಕಂಡ ಬಾಂಬೆ ಹೈ ಎಣ್ಣೆ ಕ್ಷೇತ್ರ ಮುಂಬೈನಿಂದ ಸುಮಾರು 160 ಕಿಲೋಮೀಟರ್ ದೂರ ಸಮುದ್ರದಲ್ಲಿದೆ. ಅಲ್ಲಿ ಎಣ್ಣೆ ಮುಖ್ಯವಾಗಿ ಸುಣ್ಣಕಲ್ಲಿನಲ್ಲಿದೆ. ಆದರೆ ಕೆಲವು ಕಡೆ ಅದರ ಕೆಳಗಿನ ಹಳೇ ಗ್ರಾನೈಟಿನಲ್ಲೂ ಸಿಕ್ಕಿದೆ. ಗ್ರಾನೈಟಿನಲ್ಲಿ ಎಣ್ಣೆಯಾ? ನಾನು ನಂಬಲಿಲ್ಲ. ಅದೂ ಬಿರುಕಿನ ಪುಣ್ಯವೇ ಅಂತೆ.

ಆಗ ಕಾಕಾ ಒತ್ತಿ ಹಿಡಿದಿದ್ದ ಹೋಳುಗಳನ್ನು ಬಿಡದೆ ಒಂದನ್ನು ಮಾತ್ರ ಎಳ್ಳಷ್ಟು ಪಕ್ಕಕ್ಕೆ ಜರುಗಿಸಿದರು. ನೀರು ಭರ್ರನೆ ಸುರಿದು ನನ್ನ ಪ್ಯಾಂಟು ಒದ್ದೆಯಾಯಿತು. ಒಡೆದ ಅಂಚಿನ ಉಬ್ಬುತಗ್ಗು ಈಗ ಒಂದಕ್ಕೊಂದು ಕೂರುತ್ತಿರಲಿಲ್ಲ. ಉಬ್ಬಿಗೆ ಉಬ್ಬು ತಾಗಿ ನಡುವೆ ಸಂದಿ ಉಳಿದಿತ್ತು. ಭೂಮಿಯೊಳಗಿನ ಒತ್ತಡ ಎಲ್ಲ ದಿಕ್ಕಿಗೂ ಒಂದೇ ಇರುವುದಿಲ್ಲ. ಜಾರಲು ತಯಾರಾಗಿ ಓರೆಯಾಗಿ ನಿಂತ ಬಿರುಕುಗಳೇ ಎಷ್ಟೋ ಕಡೆ ಹೆಚ್ಚು ಹರಿಯಬಿಡುತ್ತವೆ. ಮೂವತ್ತು ವರ್ಷ ಹುಡುಕಿದ್ದು ಇಂಥವನ್ನೇ ಅಂತ ಕಾಕಾ ಹೇಳಿದರು, ಹೋಳುಗಳನ್ನು ಇನ್ನೂ ಹಿಡಿದುಕೊಂಡೇ.

ಒಲೆಯ ಹತ್ತಿರದ ಹೆಂಗಸು ಇದನ್ನೆಲ್ಲ ನೋಡುತ್ತಿದ್ದಳು. "ಕಾಯ್ ಕರತಾಯ್ ಆಜೋಬಾ?" (ಏನ್ ಮಾಡ್ತಿದ್ದೀರಿ ಅಜ್ಜ?) ಅಂತ ಬಂದು ಕುಡಿಕೆಯ ದುಡ್ಡು ಬೇರೆಯಾಗಿ ತೆಗೆದುಕೊಂಡಳು. ಇಪ್ಪತ್ತು ರೂಪಾಯಿ. ಕಾಕಾ ಚೌಕಾಸಿ ಮಾಡಲಿಲ್ಲ.

ಇಳಿಯುವಾಗ ಜೀಪ್ ಸಿಕ್ಕಿತು. ನನ್ನ ಸಾಕ್ಸ್ ಹಿಂಡಿದರೆ ಲೋಟ ತುಂಬುವಂತಿತ್ತು. ಕಾಕಾ ಬಗ್ಗಿ ಬೂಟಿನ ಬಾಯಿ ಎಳೆದು ನೋಡಿದರು. "ಇದರ ಪರ್ಮಿಯಬಿಲಿಟಿ ಮಾತ್ರ ಭಾಳ ಛಲೋ ಅದ ಬಿಡು" ಅಂದರು.