ಡಾಟ್ಸ್ ಆರಿದ್ದಲ್ಲ, ನೀರು ಹಳದಿಯಾಗಿದ್ದು

ಪಿಎಚ್‌ಡಿ ಎರಡನೇ ವರ್ಷದಲ್ಲಿ ಮಾಡ್ಕೊಂಡ ಎಡವಟ್ಟು ಇದು. ಕಾರ್ಬನ್ ಡಾಟ್ಸ್ (ಯುವಿ ಬೆಳಕು ಬಿದ್ರೆ ಹೊಳೆಯೋ, ಕೆಲವೇ ನ್ಯಾನೋಮೀಟರ್ ಗಾತ್ರದ ಕಾರ್ಬನ್ ಕಣಗಳು) ಮೇಲೆ ಹೊಸದಾಗಿ ಕೆಲಸ ಶುರು ಮಾಡಿರೋರು ಓದ್ಲಿ ಅಂತ ಬರೀತಿದೀನಿ.

ಕಾರ್ಬನ್ ಡಾಟ್ಸ್ ಮಾಡೋದು ಸಾರು ಮಾಡೋದಕ್ಕಿಂತ ಸುಲಭ. ಸಿಟ್ರಿಕ್ ಆಸಿಡ್, ಎಥಿಲೀನ್‌ಡೈಅಮೀನ್, ನೀರು ಮೂರನ್ನೂ ಆಟೋಕ್ಲೇವಿಗೆ (ಬಿಗಿಯಾಗಿ ಮುಚ್ಚೋ ಸ್ಟೀಲ್ ಪಾತ್ರೆ) ಸುರಿದು 200 ಡಿಗ್ರಿ ಓವನಲ್ಲಿ 5 ಗಂಟೆ ಬಿಟ್ರೆ ಆಯ್ತು, ತೆಗೆದಾಗ ಬೆಲ್ಲದ ನೀರಿನ ಥರ ಇರುತ್ತೆ, 365 ನ್ಯಾನೋಮೀಟರ್ ಯುವಿ ಟಾರ್ಚ್ ಬಿಟ್ರೆ ನೀಲಿಯಾಗಿ ಉರಿಯುತ್ತೆ. 2023ರಲ್ಲಿ ಬವೆಂಡಿ, ಬ್ರೂಸ್, ಎಕಿಮೊವ್ ಅವ್ರಿಗೆ ಕೆಮಿಸ್ಟ್ರಿ ನೊಬೆಲ್ ಬಂತಲ್ಲ, ಅದು ಸೆಮಿಕಂಡಕ್ಟರ್ ಕ್ವಾಂಟಮ್ ಡಾಟ್ಸ್‌ಗೆ. ನಮ್ಮದು ಬಡವರ ಡಾಟ್ಸ್, ವಿಷಕಾರಿ ಕ್ಯಾಡ್ಮಿಯಂ ಕಾಟ ಇಲ್ಲ, ಖರ್ಚೂ ಕಮ್ಮಿ, ಅದಕ್ಕೇ ಎಲ್ರೂ ಇದನ್ನೇ ಹಿಡ್ಕೊಂಡಿರೋದು. (ಡಯಾಲಿಸಿಸ್, ಅಂದ್ರೆ ಸಣ್ಣ ತೂತಿನ ಬ್ಯಾಗಲ್ಲಿ ಹಾಕಿ ಶುದ್ಧ ಮಾಡೋದು, ಸರಿಯಾಗಿ ಮಾಡಿ ಮಾರಾಯ್ರೇ, ಬ್ಯಾಗಿಂದ ಹೊರಗೆ ಬಂದ ನೀರೂ ಜೋರಾಗಿ ಹೊಳೆಯುತ್ತೆ, ಅದು ಡಾಟ್ಸ್ ಅಲ್ಲ, ಜೊತೆಗೆ ಹುಟ್ಟಿದ ಸಣ್ಣ ಮಾಲಿಕ್ಯೂಲ್.)

ನನ್ನ ಕೆಲಸ ಈ ಡಾಟ್ಸ್‌ನ ಸೆನ್ಸಾರ್ ಥರ ಬಳಸಿ ನೀರಲ್ಲಿ ಐರನ್ ಕಂಡುಹಿಡಿಯೋದು. ಫೆರಿಕ್ ಕ್ಲೋರೈಡ್ ಹನಿ ಹನಿ ಹಾಕ್ತಾ ಹೋದ್ರೆ ಬೆಳಕು ಇಳೀತಾ ಹೋಗೋದು, 100 ಇದ್ದಿದ್ದು 40ಕ್ಕೆ ಬಂತು, ಗ್ರಾಫ್ ಹಾಕಿದ್ರೆ ಸ್ಕೇಲಲ್ಲಿ ಗೆರೆ ಎಳೆದಂಗೆ. ನಾಲ್ಕು ತಿಂಗಳು ಖುಷಿಯಲ್ಲೇ ಕಳೆದೆ, ಐರನ್ ಹೋಗಿ ಡಾಟ್ಸ್ ಮೇಲಿನ ರಾಸಾಯನಿಕ ಗುಂಪುಗಳಿಗೆ ಅಂಟ್ಕೊಂಡು ಎಲೆಕ್ಟ್ರಾನ್ ಕಿತ್ಕೊಳ್ಳುತ್ತೆ ಅಂತ ಮೆಕ್ಯಾನಿಸಂ ಚಿತ್ರಾನೂ ಬಿಡಿಸಿಟ್ಟಿದ್ದೆ.

ಪಕ್ಕದ ಲ್ಯಾಬಿನ ಸೀನಿಯರ್ ಅಕ್ಕ ಒಂದಿನ ಬಂದು, ಎಲ್ಲಕ್ಕಿಂತ ಜಾಸ್ತಿ ಐರನ್ ಹಾಕಿದ್ದ ಕೊನೇ ಕ್ಯುವೆಟ್ (ಅಳತೆಗೆ ಬಳಸೋ ಪಾರದರ್ಶಕ ಪುಟ್ಟ ಡಬ್ಬಿ) ಎತ್ತಿ ಟ್ಯೂಬ್‌ಲೈಟಿಗೆ ಹಿಡಿದ್ರು. ತಿಳಿ ಹಳದಿ. "ಇದರ ಅಬ್ಸಾರ್ಬೆನ್ಸ್ ತೆಗೆದಿದೀಯೇನೋ?" ಅಂದ್ರು. ಅಬ್ಸಾರ್ಬೆನ್ಸ್ ಅಂದ್ರೆ ದ್ರಾವಣ ಎಷ್ಟು ಬೆಳಕು ಹೀರುತ್ತೆ ಅನ್ನೋ ಅಳತೆ. ತೆಗೆದಿರ್ಲಿಲ್ಲ.

ವಿಷಯ ಇಷ್ಟೇ. ನಾನು ಡಾಟ್ಸ್‌ಗೆ ಬೆಳಕು ಕೊಡ್ತಿದ್ದಿದ್ದು 360 ನ್ಯಾನೋಮೀಟರಲ್ಲಿ, ಫೆರಿಕ್ ಐರನ್ ಕೂಡ ಅಲ್ಲೇ ಬೆಳಕು ಕುಡಿಯುತ್ತೆ. ಡಾಟ್ಸ್‌ಗೆ ತಲುಪೋ ಮೊದಲೇ ಬೆಳಕು ಖಾಲಿ, ಪಾಪ ಅವು ಹೊಳೆಯೋದಾದ್ರೂ ಹೆಂಗೆ? ಇದಕ್ಕೆ ಇನ್ನರ್ ಫಿಲ್ಟರ್ ಎಫೆಕ್ಟ್ ಅಂತಾರೆ. ಸರಿಮಾಡೋಕೆ ಸೂತ್ರ ಇದೆ, ಎಕ್ಸೈಟೇಶನ್ (ನಾವು ಬೆಳಕು ಕೊಡೋ ತರಂಗಾಂತರ, ನನಗೆ 360) ಮತ್ತು ಎಮಿಶನ್ (ಡಾಟ್ಸ್ ಹೊಳೆಯೋ ತರಂಗಾಂತರ, ನನಗೆ 450) ಎರಡೂ ಜಾಗದ ಅಬ್ಸಾರ್ಬೆನ್ಸ್ ಕೂಡಿಸಿ ಅರ್ಧ ಮಾಡಿ, ಅದನ್ನ 10ರ ಮೇಲೆ ಘಾತವಾಗಿ ಇಟ್ಟು, ಬಂದ ರೀಡಿಂಗಿಗೆ ಗುಣಿಸೋದು. ನನಗೆ ಐರನ್‌ನಿಂದ ಜಾಸ್ತಿಯಾಗಿದ್ದು 360ರಲ್ಲಿ 0.6, 450ರಲ್ಲಿ 0.1. ಅರ್ಧ 0.35, ಅಂದ್ರೆ 2.24 ಪಟ್ಟು. 40 ಹೋಗಿ 90 ಹತ್ರ ಬಂತು. ನಾಲ್ಕು ತಿಂಗಳ ಸೆನ್ಸಾರ್ ಒಂದು ಕ್ಯಾಲ್ಕುಲೇಟರಲ್ಲಿ ಕರಗಿಹೋಯ್ತು, ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ ಅಂತಾರಲ್ಲ, ನನಗೆ ನಿಜವಾದ ಹಳದೀನೇ ಕಂಡಿರ್ಲಿಲ್ಲ.

ಲೈಫ್‌ಟೈಮ್ (ಬೆಳಕು ಕುಡಿದ ಡಾಟ್ ಅದನ್ನ ಹೊರಗೆ ಬಿಡೋಕೆ ತಗೊಳ್ಳೋ ಸರಾಸರಿ ಸಮಯ) ಮಾಡಿಸಿದ್ನಲ್ಲ ಅಂತ ವಾದ ಮಾಡ್ದೆ. ಐರನ್ ಇದ್ರೂ ಇಲ್ದಿದ್ರೂ ಲೈಫ್‌ಟೈಮ್ ಅಷ್ಟೇ ಇತ್ತು, ನಾನದನ್ನ ಸ್ಟಾಟಿಕ್ ಕ್ವೆಂಚಿಂಗ್ ಅಂತ ಬರೆದಿದ್ದೆ, ಅಂದ್ರೆ ಐರನ್ ಅಂಟ್ಕೊಂಡ ಡಾಟ್ಸ್ ಪೂರ್ತಿ ಆರಿಹೋಗಿ, ಉಳಿದವು ಮಾಮೂಲಿಯಾಗೇ ಹೊಳೆಯೋದು. ಅಕ್ಕ ನಕ್ಕರು, ಯಾಕಂದ್ರೆ ಫಿಲ್ಟರ್ ಎಫೆಕ್ಟಲ್ಲೂ ಲೈಫ್‌ಟೈಮ್ ಬದಲಾಗಲ್ಲ, ಅದೊಂದನ್ನೇ ಇಟ್ಕೊಂಡು ಎರಡನ್ನೂ ಬೇರೆ ಮಾಡಕ್ಕಾಗಲ್ಲ.

ಆದ್ರೂ 100ಕ್ಕೆ ಇನ್ನೂ 10 ಕಮ್ಮಿ ಇತ್ತಲ್ಲ, ಅಷ್ಟಾದ್ರೂ ನನ್ನದು ಅಂತ ಸಮಾಧಾನ. ಅಷ್ಟರಲ್ಲಿ ನೆನಪಾಯ್ತು, ಫೆರಿಕ್ ಕ್ಲೋರೈಡ್ ನೀರಿಗೆ ಹಾಕಿದ್ರೆ ನೀರು ಹುಳಿಯಾಗುತ್ತೆ. ಮಾರನೇ ದಿನ ಬರೀ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ ಅದೇ ಪಿಎಚ್‌ಗೆ ತಂದು ರೀಡಿಂಗ್ ತಗೊಂಡೆ. 91 ಬಂತು. ಅದರಲ್ಲಿ ಐರನ್ ಒಂದು ಹನೀನೂ ಇರ್ಲಿಲ್ಲ.