ಆನುವಂಶಿಕತೆಯ ಅಂಕಿಯನ್ನು ನಂಬುವ ಮೊದಲು ಛೇದವನ್ನು ನೋಡಬೇಕು

ಎಚ್‌ಐವಿ ಸೋಂಕು ತಗುಲಿ ಇನ್ನೂ ಚಿಕಿತ್ಸೆ ಆರಂಭಿಸದ ಒಬ್ಬರ ಪ್ಲಾಸ್ಮಾದಲ್ಲಿ ಪ್ರತಿ ಮಿಲಿಲೀಟರಿಗೆ ವೈರಸ್ಸಿನ ಕೆಲವೇ ನೂರು ಪ್ರತಿಗಳಿದ್ದರೆ, ಇನ್ನೊಬ್ಬರಲ್ಲಿ ಅದು ಹತ್ತು ಲಕ್ಷದ ಹತ್ತಿರ ಇರುತ್ತದೆ. ಆರಂಭದ ಏರಿಳಿತ ಮುಗಿದ ಮೇಲೆ ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ಸಿನ ಈ ಪ್ರಮಾಣ, ನೆಲೆನಿಲ್ಲುವ ಮಟ್ಟಕ್ಕೆ ಸೆಟ್ ಪಾಯಿಂಟ್ ಎನ್ನುತ್ತೇವೆ. ಅದು ಎತ್ತರದಲ್ಲಿದ್ದಷ್ಟೂ ರೋಗನಿರೋಧಕ ವ್ಯವಸ್ಥೆಯ ಸಿಡಿ4 ಕೋಶಗಳ ಸಂಖ್ಯೆ ಬೇಗ ಕುಸಿಯುತ್ತದೆ. ಈ ವ್ಯತ್ಯಾಸದಲ್ಲಿ ವೈರಸ್ಸಿನ ತಳಿಗುಣದ ಪಾಲೆಷ್ಟು, ಅಂದರೆ ಆನುವಂಶಿಕತೆ ಎಷ್ಟು, ಎಂದು ಅಂದಾಜಿಸುವುದು ಸಂಖ್ಯಾಶಾಸ್ತ್ರಜ್ಞೆಯಾಗಿ ನನ್ನ ಕೆಲಸದ ಒಂದು ಭಾಗ.

ಈ ಕ್ಷೇತ್ರಕ್ಕೆ ಹೊಸದಾಗಿ ಬಂದವರನ್ನು ಕಂಗೆಡಿಸುವುದು ಪ್ರಕಟಿತ ಅಂಕಿಗಳೇ. 2010ರಲ್ಲಿ ಸ್ವಿಟ್ಜರ್ಲೆಂಡಿನ ರೋಗಿಗಳ ಒಂದು ಗುಂಪಿನಲ್ಲಿ ವೈರಸ್ಸಿನ ಪಾಲು ಅರ್ಧಕ್ಕಿಂತ ಹೆಚ್ಚೆಂದು ಕಂಡಿತು. 2014ರಲ್ಲಿ ಬ್ರಿಟನ್ನಿನ ಎಂಟು ಸಾವಿರಕ್ಕೂ ಹೆಚ್ಚು ಜನರ ದತ್ತಾಂಶ ಸುಮಾರು ಶೇ 6 ಎಂದಿತು. 2017ರ ಯುರೋಪಿನ ಅಧ್ಯಯನ ಶೇ 31ಕ್ಕೆ ಬಂದು ನಿಂತಿತು. ಇವರಲ್ಲಿ ಯಾರೋ ಒಬ್ಬರು ಲೆಕ್ಕ ತಪ್ಪಿದ್ದಾರೆ ಎಂದುಕೊಳ್ಳುವುದು ಆತುರದ ತೀರ್ಮಾನ. ವೈರಸ್ಸುಗಳ ವಂಶವೃಕ್ಷದಲ್ಲಿ ಹತ್ತಿರವಿರುವವರ ವೈರಲ್ ಲೋಡ್ ಎಷ್ಟು ಹೋಲುತ್ತದೆ ಎಂಬುದರ ಮೇಲೆ ಈ ಲೆಕ್ಕ ನಿಂತಿದೆ. ಕೊಂಬೆಯುದ್ದಕ್ಕೂ ಈ ಗುಣ ಅಂಕೆಯಿಲ್ಲದೆ ಅಲೆಯುತ್ತದೆಂದು ಭಾವಿಸಿದರೆ ದೂರದ ವೈರಸ್ಸುಗಳ ನಡುವೆ ಅಗಾಧ ಅಂತರವಿರಬೇಕಾಗುತ್ತದೆ. ಅಂಥ ಅಂತರ ದತ್ತಾಂಶದಲ್ಲಿ ಇಲ್ಲದ್ದರಿಂದ ಹಾಗೆ ಭಾವಿಸುವ ಗಣಿತದ ಮಾದರಿಯು ಆನುವಂಶಿಕತೆಯನ್ನೇ ಕುಗ್ಗಿಸಿಬಿಡುತ್ತದೆ. ಮಧ್ಯದ ಮಟ್ಟದ ಕಡೆಗೆ ಸೆಳೆತವಿದೆ ಎಂದು ಒಪ್ಪುವ ಮಾದರಿಯಲ್ಲಿ ಬ್ರಿಟನ್ನಿನ ಅದೇ ದತ್ತಾಂಶದ ಅಂದಾಜು ಗಣನೀಯವಾಗಿ ಏರಿತು. ಆ ಸೆಳೆತಕ್ಕೆ ಜೈವಿಕ ಕಾರಣವೂ ಇದೆ: ಲೋಡ್ ತೀರಾ ಕಡಿಮೆಯಾದರೆ ವೈರಸ್ ಹರಡುವುದಿಲ್ಲ, ತೀರಾ ಹೆಚ್ಚಾದರೆ ಹರಡಲು ಸಿಗುವ ಕಾಲವೇ ಮೊಟಕಾಗುತ್ತದೆ.

ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದದ್ದು ಭಾಗಾಕಾರದ ಛೇದ: ವೈರಸ್ಸಿನಿಂದ ಬಂದ ವ್ಯತ್ಯಾಸವನ್ನು ಅಳತೆಗಳ ಒಟ್ಟು ವ್ಯತ್ಯಾಸದಿಂದ ಭಾಗಿಸಿದಾಗ ಸಿಗುವುದೇ ಆನುವಂಶಿಕತೆ. ಕಡತದ ಒಂದೇ ಸಾಲಿನಲ್ಲಿ ಒಬ್ಬರ ಮೂರು ಅಳತೆಗಳು ಲಾಗ್ ಮಾನದಲ್ಲಿ (ಇದರಲ್ಲಿ ಒಂದು ಅಂಕ ಏರಿದರೆ ಲೋಡ್ ಹತ್ತು ಪಟ್ಟು) 4.6, 4.8, 5.6 ಎಂದಿವೆ ಎನ್ನಿ. ಮೂರನೆಯದನ್ನು ಬೇರೆ ಪ್ರಯೋಗಾಲಯ ಬೇರೆ ಕಿಟ್‌ನಲ್ಲಿ ಅಳೆದಿರಬಹುದು, ಇಲ್ಲವೇ ಆಗ ರೋಗಿಗೆ ಜ್ವರವಿದ್ದಿರಬಹುದು. ಈ ಏರುಪೇರೆಲ್ಲ ಒಟ್ಟು ವ್ಯತ್ಯಾಸಕ್ಕೆ ಸೇರಿಕೊಂಡು ಛೇದ ದೊಡ್ಡದಾಗುತ್ತದೆ. ವೈರಸ್ಸಿನಲ್ಲಿ ಏನೂ ಬದಲಾಗದಿದ್ದರೂ ಅದರ ಪಾಲು ಕಿರಿದಾಗಿ ತೋರುತ್ತದೆ. ಆದ್ದರಿಂದ ಯಾವುದೇ ದತ್ತಾಂಶ ಕೈಗೆ ಬಂದಾಗ ನಾನು ಸರಾಸರಿಯನ್ನು ಬದಿಗಿಟ್ಟು ಮೂಲ ಅಳತೆಗಳನ್ನೂ ಅವುಗಳ ದಿನಾಂಕಗಳನ್ನೂ ಕೇಳುತ್ತೇನೆ.

ವೈದ್ಯ ಮಿತ್ರರು ಶೇ 30 ಎಂದರೆ ತಮ್ಮ ರೋಗಿಯ ಕಾಯಿಲೆಯ ಮೂರನೇ ಒಂದು ಭಾಗ ವೈರಸ್ಸಿನದೇ ಎಂದು ಭಾವಿಸುವುದುಂಟು. ಈ ಪಾಲು ಒಂದು ಜನಸಮೂಹದೊಳಗಿನ ವ್ಯತ್ಯಾಸದ್ದೇ ಹೊರತು ಒಬ್ಬ ವ್ಯಕ್ತಿಯದ್ದಲ್ಲ. ನೆದರ್‌ಲೆಂಡ್ಸ್‌ನಲ್ಲಿ ಪತ್ತೆಯಾಗಿ 2022ರಲ್ಲಿ ವರದಿಯಾದ, ವಿಬಿ ಎಂಬ ಎಚ್‌ಐವಿ ತಳಿಯನ್ನೇ ನೋಡಿ: ಗುರುತಿಸಲಾದ 109 ಜನರಲ್ಲಿ ವೈರಲ್ ಲೋಡ್ ಇತರರಿಗಿಂತ 3.5ರಿಂದ 5.5 ಪಟ್ಟು ಹೆಚ್ಚಿತ್ತು, ಸಿಡಿ4 ಕುಸಿತದ ವೇಗ ಸುಮಾರು ಎರಡು ಪಟ್ಟಿತ್ತು. ಸರಾಸರಿ ಪಾಲಿನ ಅಂಕಿಯೊಂದರಿಂದ ಇಂಥ ತಳಿಯ ಸುಳಿವೂ ಸಿಗುವುದಿಲ್ಲ.

ಸೋಂಕು ಪತ್ತೆಯಾದ ಕೂಡಲೇ ಎಲ್ಲರಿಗೂ ಚಿಕಿತ್ಸೆ ಆರಂಭಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಶಿಫಾರಸು ಮಾಡಿದ ಮೇಲೆ ಸೆಟ್ ಪಾಯಿಂಟ್ ಅಳೆಯುವ ಅವಕಾಶ ಬಹಳ ಕಡಿಮೆಯಾಗಿದೆ. ರೋಗಿಗಳ ದೃಷ್ಟಿಯಿಂದ ಅದು ಒಳ್ಳೆಯದೇ; ನಮ್ಮ ಪಾಲಿಗೆ ಮಾತ್ರ ಹಳೆಯ ದಾಖಲೆಗಳ ಒಂದೊಂದು ಅಳತೆಯೂ ಇನ್ನು ಮರಳಿ ಸಿಗುವಂಥದ್ದಲ್ಲ.