ಹದಿಮೂರನೇ ನಿಮಿಷದ ಕಿರ್ ಸದ್ದು

ಲಂಡನ್ನಲ್ಲಿ ನನ್ನ ಕೆಲಸ ಏನು ಅಂತ ಊರಲ್ಲಿ ಯಾರಾದ್ರೂ ಕೇಳಿದ್ರೆ ಟೈಲರ್ ಅಂತೀನಿ. ಪಿಯಾನೋ ನುಡಿಸೋರು ಮೂರು ದಿನ ಕೂತು ಒಂದೇ ಭಾಗನ ಹತ್ತು ಸಲ ನುಡಿಸಿರ್ತಾರೆ, ಅದ್ರಲ್ಲಿ ಚೆನ್ನಾಗಿರೋದನ್ನ ಕತ್ತರಿಸಿ, ಹೊಲಿಗೆ ಕಾಣದ ಹಾಗೆ ಸೇರಿಸಿ ಒಂದು ಸಿಡಿ ಮಾಡಿಕೊಡೋದು ನಾನು. ಕೆಲವು ವರ್ಷದ ಹಿಂದೆ ಒಬ್ಬ ಹುಡುಗಿಯ ಮೊಟ್ಟಮೊದಲ ರೆಕಾರ್ಡಿಂಗ್ ಕೈಗೆ ಬಂತು, ಪೂರ್ತಿ ರಷ್ಯನ್ ಸಂಗೀತ. ರಾಖ್ಮನಿನಾಫ್‌ರ ಓಪಸ್ 39 (ಅಂದ್ರೆ ಕೃತಿ ಸಂಖ್ಯೆ 39) ಎಟ್ಯೂಡ್-ಟ್ಯಾಬ್ಲೋ ಅನ್ನೋ ಚಿಕ್ಕ ಪಿಯಾನೋ ಕೃತಿಗಳು ಒಂಬತ್ತೂ, ಸ್ಕ್ರಿಯಾಬಿನ್‌ರ ಐದನೇ ಸೊನಾಟಾ (ಪಿಯಾನೋ ಒಂದಕ್ಕೇ ಬರೆದ ದೊಡ್ಡ ಕೃತಿ), ಕೊನೆಗೆ ಮೆಟ್ನರ್‌ರ ಸೊನಾಟಾ ರೆಮಿನಿಸೆಂಜಾ.

ಮೊದಲ ಆಲ್ಬಮ್ ಅಂದ್ರೆ ಎಲ್ರಿಗೂ ಭಯ. ಬಹಳಷ್ಟು ಸಲ ಕಲಾವಿದರೇ ಅಲ್ಲಿ ಇಲ್ಲಿ ದುಡ್ಡು ಹೊಂದಿಸಿರ್ತಾರೆ (ಅದೇ ಒಂದು ದೊಡ್ಡ ಕಥೆ, ಬಿಡಿ), ಮೂರು ದಿನ ಮುಗಿದ್ರೆ ಮುಗೀತು, ಹಾಲ್ ಇಲ್ಲ, ಪಿಯಾನೋ ಟ್ಯೂನ್ ಮಾಡೋರೂ ಇಲ್ಲ. ನಾವು ರೆಕಾರ್ಡ್ ಮಾಡಿದ್ದು ಒಂದು ಹಳೇ ಚರ್ಚಲ್ಲಿ, ಚಳಿಗಾಲ, ಹೀಟರ್ ಹಾಕಿದ್ರೆ ಪೈಪ್ ಟಿಕ್ ಟಿಕ್ ಅನ್ನುತ್ತೆ ಅಂತ ಟೇಕ್ ನಡೀವಾಗ ಆಫ್. ಆಕೆ ಟೇಕ್ ಮಧ್ಯೆ ಬೆರಳಿಲ್ಲದ ಗ್ಲೌಸ್ ಹಾಕ್ಕೊಂಡು ಬಿಸಿನೀರಿನ ಬಾಟಲಿ ತಬ್ಬಿಕೊಂಡು ಕೂತಿರೋಳು.

ಮೊದಲನೇ ದಿನ ಟೀ ಬ್ರೇಕಲ್ಲಿ ಯಾವ ಊರು ಅಂತ ಕೇಳಿದಳು. ಮೈಸೂರು ಅಂದೆ. ಕಪ್ ಕೆಳಗಿಟ್ಟು 'ಮೆಟ್ನರ್‌ನ ಮಹಾರಾಜರ ಊರಾ?' ಅಂದಳು. ನಂಗೆ ತಲೆಬುಡ ಗೊತ್ತಾಗ್ಲಿಲ್ಲ. ಆಮೇಲೆ ಆಕೆನೇ ಹೇಳಿದ್ದು, 1921ರಲ್ಲಿ ರಷ್ಯಾ ಬಿಟ್ಟು ಕೊನೆಗೆ ಲಂಡನ್ನಲ್ಲಿ ನೆಲೆ ನಿಂತ ಈ ಮನುಷ್ಯನ ಸಂಗೀತನ ಆಗ ಕೇಳೋರೇ ಕಡಿಮೆ, ಹೃದಯದ ಕಾಯಿಲೆ ಬೇರೆ, ಆಗ ನಮ್ಮ ಜಯಚಾಮರಾಜ ಒಡೆಯರ್ ದುಡ್ಡು ಕೊಟ್ಟು ಮೆಟ್ನರ್ ಸೊಸೈಟಿ ಅಂತ ಮಾಡಿಸಿ ಅವರ ಕೈಲೇ ಅವರ ಕೃತಿಗಳನ್ನ ನುಡಿಸಿ ಎಚ್‌ಎಂವಿ ಗ್ರಾಮಫೋನ್ ತಟ್ಟೆಗಳಲ್ಲಿ ಹೊರಗೆ ತರಿಸಿದ್ರಂತೆ. ಮೆಟ್ನರ್‌ರ ಮೂರನೇ ಪಿಯಾನೋ ಕಾನ್ಸರ್ಟೋ (ಆರ್ಕೆಸ್ಟ್ರಾ ಜೊತೆ ನುಡಿಸೋ ಕೃತಿ) ಮಹಾರಾಜರಿಗೇ ಅರ್ಪಣೆ ಆಗಿದೆ. ಅರಮನೆ ಪಕ್ಕದಲ್ಲೇ ಸ್ಕೂಲಿಗೆ ಹೋದೋನು ನಾನು, ಇದನ್ನ ಇಂಗ್ಲೆಂಡಿನ ಚಳಿಯಲ್ಲಿ ಕೂತು ಕೇಳಬೇಕಾಯ್ತು. ಆವತ್ತಿನ 78 ಆರ್‌ಪಿಎಂ ತಟ್ಟೆಗೆ ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷ ಅಷ್ಟೇ, ಒಂದು ಸ್ವರ ತಪ್ಪಿದ್ರೂ ಇಡೀ ಮಗ್ಗುಲು ಮತ್ತೆ ನುಡಿಸಬೇಕು, ನಮ್ಮ ಥರ ಹೊಲಿಯೋ ಸೌಕರ್ಯ ಇರ್ಲಿಲ್ಲ.

ಎಡಿಟಿಂಗಲ್ಲಿ ಹೊರಗಿನೋರಿಗೆ ಉಲ್ಟಾ ಅನ್ನಿಸೋ ವಿಷಯ ಒಂದಿದೆ. ಅಬ್ಬರದ ಜಾಗ ಸುಲಭ. ಓಪಸ್ 39ರ ಆರನೇದು, ಕೆಂಪು ಟೋಪಿ ಹುಡುಗಿ ಮತ್ತು ತೋಳ ಅಂತ ರಾಖ್ಮನಿನಾಫ್ ಅವರೇ ಹೇಳಿಕೊಂಡಿದ್ದು, ಅದ್ರಲ್ಲಿ ಸುತ್ತಿಗೆ ತಂತಿಗೆ ಬೀಳೋ ಕ್ಷಣಕ್ಕೆ ಸ್ವಲ್ಪ ಮುಂಚೆ ಕತ್ತರಿಸಿದ್ರೆ ಹೊಲಿಗೆ ಆ ಗದ್ದಲದಲ್ಲಿ ಮುಚ್ಚಿಹೋಗುತ್ತೆ. ಕಷ್ಟ ಇರೋದು ಮೆಲ್ಲಗೆ ನುಡಿಸೋ ಕಡೆ, ಪೆಡಲ್ ಒತ್ತಿರ್ತಾರೆ, ಹಿಂದಿನ ಸ್ವರ ಇನ್ನೂ ಗಾಳಿಯಲ್ಲಿ ಇರುತ್ತೆ, ಎಲ್ಲಿ ಕತ್ತರಿ ಹಾಕಿದ್ರೂ ಆ ಬಾಲ ತುಂಡಾಗುತ್ತೆ.

ರೆಮಿನಿಸೆಂಜಾ ಪೂರ್ತಿ ಅಂಥದ್ದೇ. ಹೆಸರೇ ನೆನಪು ಅಂತ. ಶುರುವಲ್ಲಿ ಒಂದು ಮೆಲು ಧುನ್ ಬರುತ್ತೆ, ಏನೂ ಹೇಳಲ್ಲ, ಸುಮ್ನೆ ಅಲೆದಾಡುತ್ತೆ. ಮಧ್ಯೆ ಏನೇನೋ ಆಗಿ ಕೊನೇಲಿ ಅದೇ ಧುನ್ ವಾಪಸ್. ಆಕೆ ಎರಡನೇ ದಿನ ಮಧ್ಯಾಹ್ನ ಇಡೀ ಸೊನಾಟಾನ ಒಂದೇ ಉಸಿರಲ್ಲಿ ನುಡಿಸಿದ ಟೇಕ್ ಒಂದಿತ್ತು, ಪ್ರೊಡ್ಯೂಸರ್ ತಮ್ಮ ಸ್ಕೋರ್ (ಸ್ವರ ಬರೆದ ಪುಸ್ತಕ) ಮೇಲೆ ಇದೇ ಇರಲಿ ಅಂತ ಪೆನ್ಸಿಲಲ್ಲಿ ಎರಡು ಗೆರೆ ಎಳೆದಿದ್ರು. ಆದ್ರೆ ಹದಿಮೂರನೇ ನಿಮಿಷದಲ್ಲಿ, ಆ ಧುನ್ ವಾಪಸ್ ಬರೋ ಜಾಗದಲ್ಲೇ, ಕೂರೋ ಬೆಂಚು 'ಕಿರ್ರ್' ಅಂದಿದೆ. ಬೇರೆ ಟೇಕಲ್ಲಿ ಆ ಭಾಗ ಸರಿ ಬಂದಿರ್ಲಿಲ್ಲ. ಸ್ಕೋರ್ ನೋಡ್ದೆ, ಶುರುವಿನ ಸ್ವರಗಳೇ ಹೆಚ್ಚುಕಮ್ಮಿ ಇಲ್ಲೂ ಇವೆ. ಬೆಳಿಗ್ಗೆ ಟೇಕಿನ ಶುರುವಿನ ನಾಲ್ಕು ಬಾರ್ (ನಮ್ಮ ತಾಳದ ಆವರ್ತ ಇದ್ದ ಹಾಗೆ) ಎತ್ತಿ ಇಲ್ಲಿಗೆ ಅಂಟಿಸಿದೆ. ಕಂಪ್ಯೂಟರ್ ಪರದೆ ಮೇಲಿನ ಧ್ವನಿ ಅಲೆಗಳಲ್ಲಿ ನೋಡಿದ್ರೂ ಹೊಲಿಗೆ ಕಾಣಲ್ಲ, ಎಷ್ಟು ಖುಷಿ ಆಯ್ತು ಅಂದ್ರೆ ಯಾರಿಗೂ ಹೇಳದೇ ಕಳಿಸಿಬಿಟ್ಟೆ.

ನಾಲ್ಕು ದಿನಕ್ಕೆ ಫೋನ್. ರಾಖ್ಮನಿನಾಫ್ ಬಗ್ಗೆ ಏನೋ ಚಿಕ್ಕಪುಟ್ಟದ್ದು ಹೇಳಿದಳು, ಆಮೇಲೆ 'ಮೆಟ್ನರ್ ಕೊನೇಲಿ ಆ ನಾಲ್ಕು ಬಾರ್ ನಾನು ನುಡಿಸಿದ್ದಲ್ಲ' ಅಂದಳು.

'ನುಡಿಸಿದ್ದು ನೀವೇ' ಅಂದೆ.

'ನಾನೇ ಇರಬಹುದು. ಆದ್ರೆ ಆವಾಗ ಏನೂ ಆಗಿರಲಿಲ್ಲ.'

ಏನು ಹೇಳ್ತಿದಾಳೆ ಅಂತ ತಕ್ಷಣ ಗೊತ್ತಾಯ್ತು, ಅದೇ ಬೇಜಾರು. ಚಿಕ್ಕೋನಿದ್ದಾಗ ಕೃಷ್ಣಮೂರ್ತಿಪುರಂನಲ್ಲಿ ಆರು ವರ್ಷ ಹಾಡೋದು ಕಲ್ತಿದೀನಿ. ಚರಣ ಮುಗಿಸಿ ಪಲ್ಲವಿಗೆ ಬಂದಾಗ ಮೊದಲಿನ ಹಾಗೇ ಹಾಡಿದ್ರೆ ನಮ್ಮ ಮೇಷ್ಟ್ರು ತೊಡೆ ಮೇಲೆ ತಾಳ ಹಾಕೋದನ್ನ ನಿಲ್ಲಿಸಿ 'ಚರಣ ಹಾಡಿದ್ದು ಯಾರು, ಪಕ್ಕದ್ಮನೆಯವ್ರಾ?' ಅನ್ನೋರು. ಇದು ಗೊತ್ತಿದ್ದೂ ಕಂಪ್ಯೂಟರ್ ಮುಂದೆ ಕೂತಾಗ ನೆನಪಾಗ್ಲಿಲ್ಲ.

ಮತ್ತೆ ಫೈಲ್ ತೆಗೆದು ಎರಡನ್ನೂ ಒಂದರ ಪಕ್ಕ ಒಂದು ಹಾಕಿ ಕೇಳಿದೆ. ಬೆಳಗಿನದ್ದು ಆಗಷ್ಟೇ ಟ್ಯೂನ್ ಆದ ಪಿಯಾನೋ, ಸ್ವರ ಗಾಜಿನ ಹಾಗೆ. ಮಧ್ಯಾಹ್ನದ್ದರಲ್ಲಿ ತಂತಿಗಳು ಚೂರು ಸಡಿಲ ಆಗಿವೆ, ಹಿಂದಿನ ಬಾರಿನ ಗುಂಯ್‌ಗುಡೋದು ಒಳಗೆ ಸೇರಿದೆ, ಎರಡನೇ ಸ್ವರಕ್ಕೆ ಮುಂಚೆ ಆಕೆ ಒಂಚೂರು ತಡೆದಿದಾಳೆ. ನಾನು ಅಳಿಸಿದ್ದು ಬೆಂಚಿನ ಸದ್ದು ಒಂದೇ ಅಂದ್ಕೊಂಡಿದ್ದೆ.

ಪ್ರೊಡ್ಯೂಸರ್ ಬೈಲಿಲ್ಲ. ಅವರು ಕೇಳಿದ್ದು ಒಂದೇ, 'ಅಂಟಿಸಿದ್ದು ತಪ್ಪಲ್ಲ ಕಣೋ, ಎಡಿಟ್ ಲಿಸ್ಟಲ್ಲಿ ಯಾಕೆ ಬರೀಲಿಲ್ಲ?' ಯಾವ ಟೇಕಿಂದ ಏನು ತಗೊಂಡ್ವಿ ಅಂತ ಬರೆಯೋ ಲಿಸ್ಟ್ ಅದು. ಅವರ ಪ್ರಶ್ನೆಗೆ ನನ್ಹತ್ರ ಉತ್ತರ ಇರ್ಲಿಲ್ಲ. ಆವತ್ತಿಂದ ಬೇರೆ ಜಾಗದಿಂದ ಏನೇ ತಂದು ಹಾಕಿದ್ರೂ ಲಿಸ್ಟಲ್ಲಿ ಹಳದಿ ಬಣ್ಣ ಹಚ್ಚಿ, ಮೇಲ್‌ನ ಮೊದಲ ಸಾಲಲ್ಲೇ ಬರೀತೀನಿ. ಕೆಲವ್ರು ಪರವಾಗಿಲ್ಲ ಇರ್ಲಿ ಅಂತಾರೆ, ಕೆಲವ್ರು ಬೇಡ ಅಂತಾರೆ.

ಕಿರ್ ಸದ್ದನ್ನ ಸಾಫ್ಟ್‌ವೇರಲ್ಲಿ ಎಷ್ಟು ತಗ್ಗಿಸೋಕೆ ಆಯ್ತೋ ಅಷ್ಟು ತಗ್ಗಿಸಿದ್ವಿ, ಜಾಸ್ತಿ ಮಾಡಿದ್ರೆ ಸ್ವರದ ಬಾಲನೂ ಹೋಗ್ತಿತ್ತು, ಹಂಗೇ ಬಿಟ್ವಿ. ಸಿಡಿ ಬಂದ್ಮೇಲೆ ಅಮ್ಮಂಗೆ ಲಿಂಕ್ ಕಳಿಸಿದೆ, ಹೆಡ್‌ಫೋನ್ ಹಾಕ್ಕೊಂಡು ಕೊನೇವರೆಗೂ ಕೇಳಿದಾಳೆ ಪಾಪ. ರಾತ್ರಿ ಫೋನ್ ಮಾಡಿ 'ಚೆನ್ನಾಗಿದೆ ಕಣೋ, ಆದ್ರೆ ಕೊನೇಲಿ ಯಾರೋ ಬಾಗ್ಲು ತೆಗೆದ್ರಲ್ಲ, ಯಾರದು?' ಅಂದಳು.